ತಾರತಮ್ಯ: ಪದದೊಳಗಿನ ಏಣಿ ಮತ್ತು ಕೊನೆಯ ಮೆಟ್ಟಿಲಿನವರು

2025ರ ಆಗಸ್ಟ್ ತಿಂಗಳು. ಒಳಮೀಸಲಾತಿ ಕುರಿತು ರಾಜ್ಯ ಸಚಿವ ಸಂಪುಟ ತೀರ್ಮಾನ ತೆಗೆದುಕೊಂಡು ಕೆಲವೇ ದಿನ ಆಗಿತ್ತು. ಗೆಳೆಯರು ಸೇರಿ ನಡೆಸಿದ ಒಂದು ಸಣ್ಣ ಚರ್ಚೆಗೆ ನಾನೂ ಹೋಗಿದ್ದೆ. ಮೂವತ್ತು ಜನ ಇದ್ದಿರಬಹುದು. ಕಾನೂನು ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಪರಿಶಿಷ್ಟ ಜಾತಿಗಳನ್ನ ಹೀಗೆ ಗುಂಪು ಗುಂಪಾಗಿ ವಿಂಗಡಿಸೋದೇ ತಾರತಮ್ಯ. ಎಲ್ಲರೂ ದಲಿತರೇ ಅಲ್ವಾ?" ಅಂತ ಕೇಳಿದ. ಹಿಂದಿನ ಸಾಲಿನಲ್ಲಿದ್ದ ಅಲೆಮಾರಿ ಸಮುದಾಯದ ಹುಡುಗಿಯೊಬ್ಬಳು ಕೂತಲ್ಲಿಂದಲೇ ಹೇಳಿದಳು: "ವಿಂಗಡಿಸದೇ ಇರೋದೇ ತಾರತಮ್ಯ, ಅಣ್ಣಾ."

ಚರ್ಚೆ ಬೇರೆ ಕಡೆ ಹೊರಳಿತು. ನಾನು ಮಾತ್ರ ಆ ಪದದಲ್ಲೇ ಸಿಕ್ಕಿಹಾಕಿಕೊಂಡೆ. ಒಂದೇ ಪದವನ್ನು ಇಬ್ಬರೂ ಬಳಸಿದ್ದರು, ಇಬ್ಬರಿಗೂ ಅದು ಅನ್ಯಾಯದ ಹೆಸರೇ ಆಗಿತ್ತು. ಆದರೂ ಇಬ್ಬರೂ ಎದುರಾಬದುರಾ ನಿಂತಿದ್ದರು. ಇದು ಬರೀ ವಾದದಲ್ಲಿನ ಭಿನ್ನಾಭಿಪ್ರಾಯವಾ, ಇಲ್ಲ ಆ ಪದದೊಳಗೇ ಏನಾದರೂ ಇದೆಯಾ? ಆಮೇಲೆ ನಿಘಂಟು ತಿರುವುತ್ತಾ ಕೂತಾಗ ನನಗೆ ಅನ್ನಿಸಿದ್ದು: ಇಬ್ಬರೂ ಪದವನ್ನು ತಪ್ಪಾಗಿ ಬಳಸಿರಲಿಲ್ಲ. ಆ ಪದಕ್ಕೇ ಎರಡು ಮುಖ ಇವೆ. ನಮ್ಮ ಮೀಸಲಾತಿ ಚರ್ಚೆಯ ಅರ್ಧ ಗೊಂದಲ ಹುಟ್ಟೋದು ಆ ಎರಡು ಮುಖಗಳನ್ನು ಒಂದೇ ಅಂತ ಭಾವಿಸೋದರಿಂದ.

ತರ ಮತ್ತು ತಮ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಗಣಿತದ 'ಲ.ಸಾ.ಅ.' ನೆನಪಿರುತ್ತೆ: ಲಘುತಮ ಸಾಮಾನ್ಯ ಅಪವರ್ತ್ಯ. ಅದರಲ್ಲಿರುವ 'ತಮ' ಅಂದರೆ 'ಎಲ್ಲಕ್ಕಿಂತ' ಎಂದರ್ಥ. ಸಂಸ್ಕೃತದಲ್ಲಿ ಎರಡನ್ನು ಹೋಲಿಸಿ ಒಂದು ಹೆಚ್ಚು ಅಂತ ಹೇಳಲು 'ತರ' ಸೇರಿಸುತ್ತಾರೆ, ಹಲವನ್ನು ಹೋಲಿಸಿ ಒಂದನ್ನು ಕೊನೆಯ ತುದಿಯಲ್ಲಿ ಇಡಲು 'ತಮ' ಸೇರಿಸುತ್ತಾರೆ. ಲಘು, ಲಘುತರ, ಲಘುತಮ. ಪತ್ರಿಕೆಗಳು ಬರೆಯುವ 'ಗುರುತರ ಆರೋಪ'ದಲ್ಲಿ ಇರೋದು ಮೊದಲನೆಯದು, ಸಿನಿಮಾ ಹಾಡುಗಳ 'ಪ್ರಿಯತಮ'ದಲ್ಲಿ ಇರೋದು ಎರಡನೆಯದು. ದಿನಕ್ಕೆ ಹತ್ತು ಸಲ ನಾವು ಹೇಳುವ 'ಉತ್ತಮ'ದಲ್ಲೂ ಅದೇ 'ತಮ' ಇದೆ.

ಈ ಎರಡು ಪ್ರತ್ಯಯಗಳನ್ನು ಜೋಡಿಸಿದರೆ 'ತರತಮ'. ಅದರಿಂದ ಮಾಡಿಕೊಂಡ ಭಾವನಾಮವೇ 'ತಾರತಮ್ಯ'. ಅಂದರೆ ಈ ಪದದಲ್ಲಿ ಯಾವ ವಸ್ತುವಿನ ಹೆಸರೂ ಇಲ್ಲ, ಯಾವ ಕೆಲಸದ ಹೆಸರೂ ಇಲ್ಲ. ಇರೋದು ಹೋಲಿಕೆಯ ಎರಡು ಮೆಟ್ಟಿಲು ಮಾತ್ರ. ಮೂಲದಲ್ಲಿ ಅದು ಒಳ್ಳೆಯ ಪದವೂ ಅಲ್ಲ, ಕೆಟ್ಟ ಪದವೂ ಅಲ್ಲ. ವಸ್ತುಗಳು ಹಂತ ಹಂತವಾಗಿ ಹೆಚ್ಚು ಕಡಿಮೆ ಇರುವ ಸ್ಥಿತಿಗೆ ಇಟ್ಟ ಹೆಸರು ಅಷ್ಟೇ.

ಈ ಪದ ನಮ್ಮ ಅಕ್ಕಪಕ್ಕದ ಭಾಷೆಗಳಲ್ಲಿ ಏನಾಗಿದೆ ಅಂತ ನೋಡಿದರೆ ಆಶ್ಚರ್ಯ ಆಗುತ್ತೆ. ಮಲಯಾಳಂನಲ್ಲಿ ಇದಕ್ಕೆ 'ಹೋಲಿಕೆ' ಅನ್ನೋ ಅರ್ಥ. ಎರಡು ಕೃತಿಗಳ ತೌಲನಿಕ ಅಧ್ಯಯನವನ್ನು ಅಲ್ಲಿ 'ತಾರತಮ್ಯ ಪಠನಂ' ಅಂತಾರೆ. ಹಿಂದಿಯಲ್ಲಿ ಇದು ಕ್ರಮ, ಹೊಂದಾಣಿಕೆ. ಇಲಾಖೆಗಳ ನಡುವೆ 'ತಾರತಮ್ಯ' ಬೇಕು ಅಂತ ಅಲ್ಲಿ ಹೇಳಿದರೆ ಯಾರೂ ಗಾಬರಿ ಬೀಳೋಲ್ಲ. ಮರಾಠಿಯಲ್ಲಿ ಇದು ವಿವೇಕ. ತಾರತಮ್ಯ ಇರುವವನು ಅಂದರೆ ಎಲ್ಲಿ ಎಷ್ಟು ಅಂತ ತಿಳಿದವನು. ಇದೇ ಪದ ಕನ್ನಡದಲ್ಲಿ ಆರೋಪ ಆಗಿದೆ. ಲಿಂಗ ತಾರತಮ್ಯ, ವೇತನ ತಾರತಮ್ಯ, ಅನುದಾನ ಹಂಚಿಕೆಯಲ್ಲಿ ತಾರತಮ್ಯ. ಸಂವಿಧಾನದ 15ನೇ ವಿಧಿ ಏನನ್ನು ನಿಷೇಧಿಸುತ್ತೆ ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಮೊದಲು ಬರೋದು ಇದೇ ಪದ.

ಆದರೆ ಕನ್ನಡ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟಿಲ್ಲ. 'ತಾರತಮ್ಯ ಜ್ಞಾನ' ಅಂತ ಒಂದು ಮಾತಿದೆ. ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದು ಮೊದಲು, ಯಾವುದು ಆಮೇಲೆ ಅಂತ ಗುರುತಿಸುವ ಶಕ್ತಿ ಅದು. ಹಿರಿಯರು ಯಾರನ್ನಾದರೂ "ತಾರತಮ್ಯ ಜ್ಞಾನ ಇಲ್ಲದೋನು" ಅಂದರೆ ಅದು ಬೈಗುಳ. ಅದೇ ಹಿರಿಯರು "ತಾರತಮ್ಯ ಮಾಡ್ತಾನೆ" ಅಂದರೆ ಅದೂ ಬೈಗುಳವೇ. ಗಮನಿಸಿ: ಮಾಡಿದರೂ ತಪ್ಪು, ತಿಳಿಯದಿದ್ದರೂ ತಪ್ಪು. ಹುಡುಗ 'ಮಾಡೋದು' ಹಿಡಿದುಕೊಂಡಿದ್ದ, ಹುಡುಗಿ 'ತಿಳಿಯೋದು' ಕೇಳುತ್ತಿದ್ದಳು.

ಶಾಸ್ತ್ರದಲ್ಲೂ, ಜಗಲಿಯಲ್ಲೂ

ಕನ್ನಡ ನೆಲದಲ್ಲಿ ಈ ಪದಕ್ಕೆ ಇನ್ನೊಂದು ದೊಡ್ಡ ಚರಿತ್ರೆ ಇದೆ. 13ನೇ ಶತಮಾನದ ಮಧ್ವಾಚಾರ್ಯರ ದ್ವೈತ ದರ್ಶನದಲ್ಲಿ ತಾರತಮ್ಯ ಒಂದು ಮುಖ್ಯ ಸಿದ್ಧಾಂತ. ಆ ದರ್ಶನದ ಪ್ರಕಾರ ಒಬ್ಬ ಜೀವನಿಗೂ ಇನ್ನೊಬ್ಬ ಜೀವನಿಗೂ ಇರುವ ಭೇದ ನಿಜವಾದದ್ದು. ದೇವತೆಗಳಲ್ಲಿ ಕಕ್ಷೆಗಳಿವೆ, ಮೋಕ್ಷ ಸಿಕ್ಕ ಮೇಲೂ ಆನಂದದಲ್ಲಿ ಹೆಚ್ಚು ಕಡಿಮೆ ಇದೆ. ಜಗನ್ನಾಥದಾಸರ 'ಹರಿಕಥಾಮೃತಸಾರ' ಕೂಡ ಈ ತಾರತಮ್ಯವನ್ನು ವಿವರವಾಗಿ ಹೇಳುತ್ತೆ. ಅಲ್ಲಿ ಈ ಪದ ದೂರು ಅಲ್ಲ, ಲೋಕ ಹೀಗಿದೆ ಅನ್ನುವ ವಿವರಣೆ. ಇದು ದೇವರು ಮತ್ತು ಜೀವರ ಬಗೆಗಿನ ತತ್ವ. ಇವತ್ತಿನ ಜಾತಿ ರಾಜಕಾರಣವನ್ನು ನೇರವಾಗಿ ಅದಕ್ಕೆ ಅಂಟಿಸೋದು ಸರಿಯಲ್ಲ. ನನಗೆ ಇಲ್ಲಿ ಬೇಕಿರೋದು ಒಂದೇ ವಿಷಯ: ತಾರತಮ್ಯ ಅಂದರೆ ಎರಡು ಪಾಲು ಅಲ್ಲ, ಹಲವು ಕಕ್ಷೆ. ಇದನ್ನು ಶಾಸ್ತ್ರಕಾರರು ಮರೆತಿರಲಿಲ್ಲ. ಪ್ರಜಾಪ್ರಭುತ್ವದ ಮಾತಾಡುವ ನಾವು ಮರೆತಿದ್ದೇವೆ.

ನಮ್ಮಜ್ಜಿ ಕೂಡ ಮರೆತಿರಲಿಲ್ಲ. ತುಮಕೂರು ಕಡೆಯ ಹಳ್ಳಿ ನಮ್ಮದು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಬರುವ ಜಾತಿ; ತೀರಾ ಮೇಲೂ ಅಲ್ಲ, ತೀರಾ ಕೆಳಗೂ ಅಲ್ಲ. ನನ್ನ ಬಾಲ್ಯದಲ್ಲಿ ಮನೆಗೆ ಬಂದವರಿಗೆ ಅಜ್ಜಿ ಕಾಫಿ ಕೊಡುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೆಂಟರಿಗೆ ನಡುಮನೆಯಲ್ಲಿ, ಸ್ಟೀಲ್ ಲೋಟದಲ್ಲಿ. ಇನ್ನು ಕೆಲವರಿಗೆ ಜಗಲಿ ಮೇಲೆ, ಗಾಜಿನ ಲೋಟದಲ್ಲಿ. ಕುಡಿದ ಮೇಲೆ ಅವರೇ ತೊಳೆದಿಡಬೇಕು. ಮತ್ತೆ ಕೆಲವರು ಅಂಗಳದಾಚೆ ನಿಂತು ತಾವೇ ತಂದ ಲೋಟ ಚಾಚುತ್ತಿದ್ದರು, ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು. ಇದ್ಯಾವುದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಆದರೆ ಬಂದವರ ಮುಖ ಕಂಡ ಕೂಡಲೇ ಯಾವ ಲೋಟ ಅಂತ ಅಜ್ಜಿಗೆ ಗೊತ್ತಾಗುತ್ತಿತ್ತು. ಅಂಗಳದಾಚೆ ನಿಂತಿದ್ದವರಲ್ಲೂ ಇಬ್ಬರು ಒಬ್ಬರ ಲೋಟ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಅದೇ ಅಜ್ಜಿ ಊರಿನ ದೊಡ್ಡ ಮನೆಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಕರೆಯಲ್ಲ ಅಂತ ಮನೆಗೆ ಬಂದು ಗೊಣಗುತ್ತಿದ್ದಳು. "ನಮ್ಮನ್ನ ಏನಂದ್ಕಂಡವ್ರೆ ಅವ್ರು?" ಅನ್ನೋ ಅವಳ ಸಿಟ್ಟು ನಿಜವಾದದ್ದು. ಮಾರನೇ ದಿನ ಬೆಳಿಗ್ಗೆ ಮೇಲಿನಿಂದ ಕಾಫಿ ಸುರಿಯುವಾಗ ಆ ಸಿಟ್ಟು ಅವಳಿಗೆ ನೆನಪಾಗುತ್ತಿರಲಿಲ್ಲ. ನಾನು ಕೂಡ ಕಾಲೇಜಿಗೆ ಬರುವ ತನಕ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ನೋಡಬೇಕಾದ ಅಗತ್ಯ ನನಗೆ ಇರಲಿಲ್ಲ ಅನ್ನೋದೇ ಸತ್ಯ.

ಬೆಣ್ಣೆ, ಸುಣ್ಣ ಮತ್ತು ನಡುವಿನವರು

ಡಾ. ಬಿ.ಆರ್. ಅಂಬೇಡ್ಕರ್ ಇದನ್ನು ಗ್ರೇಡೆಡ್ ಇನಿಕ್ವಾಲಿಟಿ ಅಂದರು. ಕನ್ನಡದಲ್ಲಿ ನಾವು 'ಶ್ರೇಣೀಕೃತ ಅಸಮಾನತೆ' ಅಂತ ಹೊಸದಾಗಿ ಪದ ಕಟ್ಟಿಕೊಂಡೆವು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಅವರು ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಎಲ್ಲರಿಗೂ ಒಂದೊಂದು ಓಟು ಸಿಗುತ್ತೆ, ಆದರೆ ಸಾಮಾಜಿಕವಾಗಿ ನಮ್ಮದು ಹಂತ ಹಂತದ ಅಸಮಾನತೆಯ ಮೇಲೆ ನಿಂತ ಸಮಾಜ. ಬರೀ ಅಸಮಾನತೆಗೂ ಹಂತ ಹಂತದ ಅಸಮಾನತೆಗೂ ಇರುವ ವ್ಯತ್ಯಾಸವನ್ನು ಅವರು ತಮ್ಮ ಬರಹಗಳಲ್ಲಿ ಬಿಡಿಸಿ ಹೇಳಿದ್ದಾರೆ. ಮೇಲಿನವರು, ಕೆಳಗಿನವರು ಅಂತ ಎರಡೇ ಪಾಲು ಇದ್ದಿದ್ದರೆ ಕೆಳಗಿನವರೆಲ್ಲ ಒಂದಾಗಿ ಅದನ್ನು ಕೆಡವಬಹುದಿತ್ತು. ಇಲ್ಲಿ ಹಾಗಿಲ್ಲ. ತೀರಾ ಕೊನೆಯವನನ್ನು ಬಿಟ್ಟು ಪ್ರತಿಯೊಬ್ಬನ ಕೆಳಗೂ ಒಬ್ಬ ಇದ್ದಾನೆ. ಹಾಗಾಗಿ ಮೇಲಿನವನ ಮೇಲೆ ಸಿಟ್ಟು ಇರುವವನಿಗೂ ಏಣಿಯ ಮೇಲೆ ಸಿಟ್ಟಿರೋಲ್ಲ.

ನಮ್ಮ ರಾಜಕೀಯ ಭಾಷೆಗೆ ಈ ಏಣಿ ಕಾಣಿಸೋದು ಕಷ್ಟ. ತಾರತಮ್ಯ ಅಂದ ಕೂಡಲೇ ನಮಗೆ ನೆನಪಾಗುವ ಗಾದೆ 'ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ'. ಪತ್ರಿಕೆಯವರಿಗೆ 'ಮಲತಾಯಿ ಧೋರಣೆ'. ಎರಡರಲ್ಲೂ ಇರೋದು ಇಬ್ಬರೇ: ಪಡೆದವರು, ಪಡೆಯದವರು. ಸುಣ್ಣ ಹಾಕಿಸಿಕೊಂಡವರ ನಡುವೆ ಯಾರಿಗೆ ಎಷ್ಟು ಸುಣ್ಣ ಬಿತ್ತು ಅಂತ ಆ ಗಾದೆ ಕೇಳೋದಿಲ್ಲ.

ಆ ಪ್ರಶ್ನೆ ಕೇಳಿದ್ದು ದಲಿತ ಸಾಹಿತ್ಯ. ಕೆ.ಬಿ. ಸಿದ್ದಯ್ಯನವರ 'ದಕ್ಕಲಕಥಾ ದೇವಿಕಾವ್ಯ' ಅಂಥದ್ದೊಂದು ಕೃತಿ. ದಕ್ಕಲರು ಮಾದಿಗರನ್ನು ಆಶ್ರಯಿಸಿ, ಅವರಲ್ಲೇ ಬೇಡಿ ಬದುಕುತ್ತಿದ್ದ ಸಮುದಾಯ. ಅಸ್ಪೃಶ್ಯರಿಂದಲೂ ದೂರ ಇಡಲ್ಪಟ್ಟ ಅಸ್ಪೃಶ್ಯರು. ದಲಿತ ಕವಿಯೊಬ್ಬರು ತಮಗಿಂತ ಕೆಳಗಿನ ಮೆಟ್ಟಿಲಿನ ಕಡೆ ಮುಖ ಮಾಡಿ ಬರೆದರು. ನನ್ನಂಥ ನಡುವಿನ ಮೆಟ್ಟಿಲಿನವರು ಇದನ್ನು 'ನೋಡಿ, ಅವರಲ್ಲೂ ಜಾತಿ ಇದೆ' ಅಂತ ಬಾಯಿ ಮುಚ್ಚಿಸಲು ಬಳಸಿದರೆ ಅದು ಕಳ್ಳತನ. ಆ ಏಣಿಯನ್ನು ಅವರು ಮಾಡಿದ್ದಲ್ಲ, ಅವರ ತಲೆ ಮೇಲೆ ಇಟ್ಟಿದ್ದು.

17ರಲ್ಲಿ 1

ಈಗ ಆ ಹುಡುಗಿಯ ಮಾತಿಗೆ ಬರೋಣ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಅವುಗಳಿಗೆ ಒಟ್ಟು ಮೀಸಲಾತಿ ಶೇ 15 ಇತ್ತು, 2022ರಲ್ಲಿ ಅದನ್ನು ರಾಜ್ಯ ಸರ್ಕಾರ ಶೇ 17ಕ್ಕೆ ಏರಿಸಿತು. ಈ ಪಾಲು ಎಲ್ಲರಿಗೂ ತಲುಪುತ್ತಿಲ್ಲ ಅನ್ನೋ ಕೂಗು ದಶಕಗಳದ್ದು, ಅದನ್ನು ಮುಂಚೂಣಿಯಲ್ಲಿ ನಿಂತು ಹೊತ್ತದ್ದು ಮಾದಿಗ ಸಮುದಾಯದ ಹೋರಾಟ. 2005ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಕವಾಗಿ, 2012ರಲ್ಲಿ ವರದಿ ಕೊಟ್ಟಿತು. ಆ ವರದಿ ವರ್ಷಗಟ್ಟಲೆ ಧೂಳು ತಿಂದಿತು.

ಪರಿಶಿಷ್ಟ ಜಾತಿಗಳೆಲ್ಲ ಒಂದೇ ವರ್ಗ, ಅದನ್ನು ರಾಜ್ಯಗಳು ಒಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಇ.ವಿ. ಚಿನ್ನಯ್ಯ ಪ್ರಕರಣದಲ್ಲಿ ಹೇಳಿತ್ತು. 2024ರ ಆಗಸ್ಟ್ 1ರಂದು ದವೀಂದರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 6-1ರ ಬಹುಮತದಲ್ಲಿ ಅದನ್ನು ತಳ್ಳಿಹಾಕಿ, ಒಳವರ್ಗೀಕರಣಕ್ಕೆ ಅವಕಾಶ ಕೊಟ್ಟಿತು. ನಮ್ಮ ಪದದ ಲೆಕ್ಕದಲ್ಲಿ ಹೇಳೋದಾದರೆ 2004ರ ತೀರ್ಪು 'ತಾರತಮ್ಯ ಮಾಡಬೇಡಿ' ಅಂದಿತ್ತು, 2024ರ ತೀರ್ಪು 'ತಾರತಮ್ಯವನ್ನು ತಿಳಿದು ನಡೆಯಿರಿ' ಅಂದಿತು.

ಆಮೇಲೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ಮನೆ ಮನೆ ಸಮೀಕ್ಷೆ ನಡೆಸಿ 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಸಮೀಕ್ಷೆಗೆ ಸಿಕ್ಕ ಪರಿಶಿಷ್ಟ ಜಾತಿಗಳ ಜನಸಂಖ್ಯೆ ಸುಮಾರು 1.05 ಕೋಟಿ. ಆಯೋಗ ಐದು ಗುಂಪು ಮಾಡಿತು. ಮೊದಲ ಗುಂಪಿನಲ್ಲಿ, ಅತ್ಯಂತ ಹಿಂದುಳಿದ 59 ಜಾತಿಗಳಿಗೆ, ಬಹುಪಾಲು ಅಲೆಮಾರಿಗಳಿಗೆ, ಪ್ರತ್ಯೇಕವಾಗಿ ಶೇ 1. ಇವರ ಸಂಖ್ಯೆ ಸುಮಾರು 5.22 ಲಕ್ಷ. ಮಾದಿಗ ಮತ್ತು ಸಂಬಂಧಿತ ಜಾತಿಗಳಿಗೆ ಶೇ 6, ಹೊಲೆಯ ಮತ್ತು ಸಂಬಂಧಿತ ಜಾತಿಗಳಿಗೆ ಶೇ 5. ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯಗಳಿಗೆ ಶೇ 4. ಮೂಲಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತಷ್ಟೇ ಬರೆಸಿದವರಿಗೆ ಶೇ 1.

ಆಗಸ್ಟ್ 19ರಂದು ಸಚಿವ ಸಂಪುಟ ಈ ಐದನ್ನು ಮೂರು ಮಾಡಿತು: 6, 6, 5. ಅತ್ಯಂತ ಹಿಂದುಳಿದ 59 ಜಾತಿಗಳಿಗೆ ಅಂತ ಇಟ್ಟಿದ್ದ ಶೇ 1 ಪ್ರತ್ಯೇಕವಾಗಿ ಉಳಿಯಲಿಲ್ಲ. ಅವರನ್ನು ಸುಮಾರು 28.34 ಲಕ್ಷ ಜನರಿರುವ ಲಂಬಾಣಿ, ಭೋವಿ, ಕೊರಮ, ಕೊರಚರ ಗುಂಪಿನ ಜೊತೆ ಸೇರಿಸಿ ಒಟ್ಟಿಗೆ ಶೇ 5 ಕೊಡಲಾಯಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು.

ಲೆಕ್ಕ ನೋಡಿ. 1.05 ಕೋಟಿಯಲ್ಲಿ 5.22 ಲಕ್ಷ ಅಂದರೆ ನೂರಕ್ಕೆ ಸುಮಾರು ಐದು. ಶೇ 17ರಲ್ಲಿ ಅದರ ಪಾಲು ಸುಮಾರು 0.85. ಆಯೋಗ ಕೊಟ್ಟಿದ್ದು 1. ಅಂದರೆ ಇದು ಯಾರದ್ದೋ ದೊಡ್ಡ ಪಾಲು ಕಿತ್ತು ಕೊಟ್ಟ ಉಡುಗೊರೆ ಆಗಿರಲಿಲ್ಲ, ಹೆಚ್ಚುಕಡಿಮೆ ಅವರ ತಲೆ ಎಣಿಕೆಯಷ್ಟೇ ಆಗಿತ್ತು. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಸಿಳ್ಳೇಕ್ಯಾತರು, ಹಂದಿಜೋಗಿಗಳು — ಇಂಥ ಸಮುದಾಯಗಳ ಮನೆಯಲ್ಲಿ ಮೊದಲ ತಲೆಮಾರಿನ ಪದವೀಧರೆಯೊಬ್ಬಳು ಬರೆಯುವ ಪರೀಕ್ಷೆಯಲ್ಲಿ, ಎರಡು ಮೂರು ತಲೆಮಾರಿನಿಂದ ಶಾಲೆ ಕಂಡ ಕುಟುಂಬದವರೂ ಅದೇ ಸೀಟಿಗೆ ಸ್ಪರ್ಧಿಸುತ್ತಾರೆ. ಲಂಬಾಣಿ ತಾಂಡಾಗಳಲ್ಲಿ, ಭೋವಿಗಳಲ್ಲಿ ಬಡತನ ಇಲ್ಲ ಅಂತಲ್ಲ. ಅವರಿಗೂ ತಮ್ಮ ಪಾಲಿನ ಬಗ್ಗೆ ಆತಂಕ ಇದೆ, ಅವರೂ ಬೀದಿಗಿಳಿದಿದ್ದಾರೆ. ಪ್ರಶ್ನೆ ಇರೋದು ಹಿಂದುಳಿದ ಮತ್ತು ಅತ್ಯಂತ ಹಿಂದುಳಿದ ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಬುಟ್ಟಿಯಿಂದ ಯಾರ ಕೈಗೆ ಮೊದಲು ಹಣ್ಣು ಸಿಗುತ್ತೆ ಅನ್ನೋದು. ಆಯೋಗ 'ತಮ' ಅಂತ ಗುರುತಿಸಿದ್ದನ್ನು ಸಂಪುಟ ಅಳಿಸಿತು. ಆ ಹುಡುಗಿ ತಾರತಮ್ಯ ಅಂದಿದ್ದು ಇದಕ್ಕೆ.

ತಾಲೂಕಿಗೆ ಸರಿ, ಜಾತಿಗೆ ತಪ್ಪೇ?

'ಹೀಗೆ ಒಡೆಯುತ್ತಾ ಹೋದರೆ ಎಲ್ಲಿಗೆ ನಿಲ್ಲುತ್ತೆ?' ಅನ್ನೋದು ನ್ಯಾಯವಾದ ಪ್ರಶ್ನೆ. ಕೆಲವರಿಗೆ ಅದು ದಲಿತ ಒಗ್ಗಟ್ಟಿನ ಬಗ್ಗೆ ನಿಜವಾದ ಕಾಳಜಿ. 101 ಜಾತಿಗೆ 101 ತುಂಡು ಮಾಡೋಕಾಗಲ್ಲ ಅನ್ನೋದೂ ಸರಿ. ಅದಕ್ಕೇ ತಾನೇ ಸಮೀಕ್ಷೆ, ಅಂಕಿಅಂಶ, ಆಯೋಗ ಎಲ್ಲ ಬೇಕಿರೋದು? ಆದರೆ ಹಂತ ಗುರುತಿಸುವುದೇ ಅನ್ಯಾಯ ಅನ್ನೋ ವಾದವನ್ನು ಕರ್ನಾಟಕ ಯಾವತ್ತೂ ಒಪ್ಪಿಲ್ಲ.

ಹಿಂದುಳಿದ ವರ್ಗಗಳನ್ನೇ ತೆಗೆದುಕೊಳ್ಳಿ. ದೇವರಾಜ ಅರಸು ಕಾಲದಲ್ಲಿ, 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಾಗಿನಿಂದ ಹಿಂದುಳಿದವರಲ್ಲೇ ಹಂತ ಗುರುತಿಸುವ ಚರ್ಚೆ ಇಲ್ಲಿ ನಡೆದು ಬಂದಿದೆ. ಪ್ರವರ್ಗ 1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5 ಎಂಬ ಹಂಚಿಕೆ ನಮಗೆಲ್ಲ ಪರಿಚಿತ. ಇದರ ಫಲ ಉಂಡವರಲ್ಲಿ ನಾನೂ ಒಬ್ಬ. ಬಲಾಢ್ಯ ಜಾತಿಗಳ ಜೊತೆ ನಮ್ಮನ್ನು ಒಂದೇ ಬುಟ್ಟಿಗೆ ಹಾಕಿದ್ದರೆ ನಾನು ಓದಿದ ಕಾಲೇಜಿನ ಸೀಟು ನನಗೆ ಸಿಗುತ್ತಿತ್ತಾ ಅನ್ನೋದು ಅನುಮಾನ. ನಮಗೆ ಹಂತ ಬೇಕು, ಅವರಿಗೆ ಮಾತ್ರ ಒಗ್ಗಟ್ಟು ಬೇಕು ಅಂತ ನಾನು ಹೇಗೆ ಹೇಳಲಿ?

ಇನ್ನೊಂದು ಉದಾಹರಣೆ ಜಾತಿಗೆ ಸಂಬಂಧವೇ ಇಲ್ಲದ್ದು. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು 'ಹಿಂದುಳಿದ ತಾಲೂಕುಗಳು' ಅಂತ ಒಂದೇ ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. 114 ತಾಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಅಂತ ಮೂರು ಹಂತ ಮಾಡಿತು. ಹಿಂದುಳಿದ, ಅದಕ್ಕಿಂತ ಹಿಂದುಳಿದ, ಎಲ್ಲಕ್ಕಿಂತ ಹಿಂದುಳಿದ. ಇದಕ್ಕಿಂತ ಅಚ್ಚುಕಟ್ಟಾದ 'ತರತಮ' ಬೇಕಾ? ಹಿಂದುಳಿದ ತಾಲೂಕುಗಳ ಒಗ್ಗಟ್ಟು ಒಡೀತೀರಾ ಅಂತ ಆಗ ಯಾರೂ ಕೇಳಲಿಲ್ಲ. ಅಳತೆ ಮಾಡದೆ ಅನುದಾನ ಹಂಚಿದರೆ ಅದು ಗಟ್ಟಿ ತಾಲೂಕಿಗೇ ಹರಿಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

ಇದೇ ಗೊಂದಲದ ಇನ್ನೊಂದು ರೂಪ 'ಮೀಸಲಾತಿಯೇ ತಾರತಮ್ಯ' ಅನ್ನೋ ಮಾತು. ಇದೂ ಹೊಸದೇನಲ್ಲ. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಮದ್ರಾಸ್‌ನ ಜಾತಿವಾರು ಸೀಟು ಹಂಚಿಕೆ ರದ್ದಾದ ಮೇಲೆ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂತು, 15(4) ಸೇರಿತು. 1975ರಲ್ಲಿ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಇಂಥ ವಿಶೇಷ ಅವಕಾಶ ಸಮಾನತೆಗೆ ಹೊರತಾದದ್ದಲ್ಲ, ಸಮಾನತೆಯದ್ದೇ ಭಾಗ ಅನ್ನೋ ದಾರಿ ಹಿಡಿಯಿತು. 15(1) ತಾರತಮ್ಯ ಮಾಡುವುದನ್ನು ತಡೆಯುತ್ತೆ, 15(4) ತಾರತಮ್ಯವನ್ನು ಗುರುತಿಸಿ ಸರಿಪಡಿಸಲು ಬಿಡುತ್ತೆ. ಒಂದೇ ವಿಧಿಯಲ್ಲಿ ಎರಡೂ ಇವೆ, ನಮ್ಮ ಪದದಲ್ಲಿ ಇರುವ ಹಾಗೇ.

ಯಾರಿಗಿಂತ?

ಈ ಪದವನ್ನು ಬಿಟ್ಟು 'ಅಸಮಾನತೆ' ಅಂತಲೇ ಬಳಸಬಹುದಲ್ವಾ ಅಂತ ನೀವು ಕೇಳಬಹುದು. ಬಳಸಿ, ತಪ್ಪಿಲ್ಲ. ಆದರೆ 'ಅಸಮಾನ' ಅಂದರೆ ಸಮಾನ ಅಲ್ಲ ಅಂತಷ್ಟೇ ಹೇಳಿದ ಹಾಗಾಯ್ತು. ತಾರತಮ್ಯ ಅಂದಾಗ 'ಯಾರಿಗಿಂತ ಯಾರು, ಎಷ್ಟು?' ಅನ್ನೋ ಪ್ರಶ್ನೆ ಪದದ ಜೊತೆಗೇ ಬರುತ್ತೆ. ಆ ಪ್ರಶ್ನೆ ನಮಗೆ ಬೇಕು. ಸಂಬಳದಲ್ಲಿ ತಾರತಮ್ಯ ಅಂದಾಗ ಗಂಡಸಿಗಿಂತ ಹೆಂಗಸಿಗೆ ಕಡಿಮೆ ಅಂತ ನಿಲ್ಲಿಸದೆ, ಯಾವ ಹೆಂಗಸಿಗೆ ಎಲ್ಲರಿಗಿಂತ ಕಡಿಮೆ ಅಂತಲೂ ಕೇಳಬೇಕು. ದೆಹಲಿ ನಮ್ಮ ರಾಜ್ಯಕ್ಕೆ ತಾರತಮ್ಯ ಮಾಡುತ್ತೆ ಅಂತ ತೆರಿಗೆ ಪಾಲಿನ ಲೆಕ್ಕ ಇಡುವಾಗ, ಬೆಂಗಳೂರು ತನ್ನ ಹಿಂದುಳಿದ ತಾಲೂಕುಗಳಿಗೆ ಏನು ಮಾಡಿದೆ ಅನ್ನೋ ಲೆಕ್ಕವೂ ಪಕ್ಕದಲ್ಲಿ ಇರಬೇಕು. ಮೇಲಕ್ಕೆ ಕೇಳುವ ಪ್ರಶ್ನೆಯನ್ನು ಕೆಳಗಿನವರು ನಮಗೆ ಕೇಳಿದಾಗ ಕಿವಿ ಮುಚ್ಚಿಕೊಂಡರೆ ನಾವೂ ನಮ್ಮಜ್ಜಿಯ ಹಾಗೇ: ದೊಡ್ಡ ಮನೆಯ ಹಿತ್ತಲ ಬಾಗಿಲಲ್ಲಿ ಸಿಟ್ಟು, ನಮ್ಮ ಅಂಗಳದಲ್ಲಿ ಮೇಲಿನಿಂದ ಕಾಫಿ.

ಚರ್ಚೆ ಮುಗಿದ ಮೇಲೆ ಆ ಹುಡುಗಿಯನ್ನು ಮಾತಾಡಿಸಿದೆ. ಕೆಪಿಎಸ್‌ಸಿ ಪರೀಕ್ಷೆಗೆ ಓದ್ತಿದ್ದೀನಿ ಅಂದಳು. ತಮ್ಮ ಕಡೆ ಅವಳಷ್ಟು ಓದಿದವರು ಇನ್ನೂ ಯಾರೂ ಇಲ್ಲವಂತೆ. "ಶೇಕಡಾ ಒಂದು ಅಂದ್ರೆ ನಿಮ್ಗೆ ಸಣ್ಣದು ಅನ್ಸುತ್ತೆ ಅಣ್ಣಾ. ನಮ್ಮೂರಲ್ಲಿ ಒಂದು ಅನ್ನೋದನ್ನೇ ಯಾರೂ ನೋಡಿಲ್ಲ" ಅಂದಳು.